ಏಳನೆಯ ಪಿನ್ನು

ಮಾವಿನ ಹಲಗೆಗೆ ಮೊಳೆ ಹೊಡೆದ ಹನ್ನೆರಡು ಪಿನ್ನು,
ತಗಡಿನ ಮೇಲೊಂದು ಸೋಲಾರ್ ಹಾಳೆ,
ಕೆಳಗೆ ಯಾವುದೋ ಸತ್ತ ಲಾರಿಯ ಬ್ಯಾಟರಿ.
ಮಲಾವಿ ಸರೋವರದ ಈ ದಡದಲ್ಲಿ
ಫೋನುಗಳಿಗೆ ಉಣಿಸುವವಳು ನಾನೊಬ್ಬಳೇ.
ಒಂದು ಹೊಟ್ಟೆಗೆ ಮುನ್ನೂರು ಕ್ವಾಚ.

ಏಳನೆಯದು ಜಫಾಲಿಯದು.
ಅವನ ಹಳೆಯ ಫೋನು ದಿನವೂ ಬರುತ್ತಿತ್ತು,
ಕೆಮ್ಮುವ ಮಗು ಆಸ್ಪತ್ರೆಗೆ ಬಂದಹಾಗೆ,
ರಬ್ಬರ್ ಬ್ಯಾಂಡಿನಿಂದ ಬೆನ್ನು ಬಿಗಿದುಕೊಂಡು.
ಸೋಮವಾರ ಬರಲಿಲ್ಲ. ಮಂಗಳವಾರವೂ.
ಬುಧವಾರ, ನಾನೇನಾದರೂ ಅಂದೆನೇ ಎಂದು ಯೋಚಿಸಿದೆ.
ಗುರುವಾರ ಬಂದ, ಹಲ್ಲು ಕಿಸಿಯುತ್ತಾ,
ಹೊಸದೊಂದನ್ನು ಅಂಗೈಯಲ್ಲಿಟ್ಟುಕೊಂಡು.
"ಮಂಗೋಚಿಯಲ್ಲಿ ಕೊಂಡೆ. ಆರು ಸಾವಿರದ ಬ್ಯಾಟರಿಯಂತೆ.
ನಾಲ್ಕು ದಿನವಾಯಿತು, ಇನ್ನೂ ಐವತ್ತೆಂಟು ಇದೆ, ನೋಡು.
ಊರಿನ ಫೋನೆಲ್ಲ ನಿನ್ನ ಕೈ ಹಾಯ್ದು ಹೋಗಿವೆ,
ಹೇಳು ಅಬೀಟಿ, ಮೋಸಹೋದೆನಾ?"

ಹೊಟ್ಟೆಯ ಮೇಲೆ ಹೊಡೆಯಲು ಬಂದವನು
ಕೋಲು ಗಟ್ಟಿಯಿದೆಯಾ ನೋಡು ಅಂತ
ನನಗೇ ಕೊಟ್ಟ ಹಾಗೆ.

ತೂಗಿದೆ. ಬಟ್ಟೆ ಸೋಪಿನ ಹೊಸ ಬಿಲ್ಲೆಯ ಭಾರ.
ಬೆನ್ನು ಪ್ಲಾಸ್ಟಿಕ್ಕು, ಉಗುರಲ್ಲಿ ತಟ್ಟಿದರೆ ಖಾಲಿ ಡಬ್ಬಿಯ ಸದ್ದು.
ಬೆರಳಿಟ್ಟರೆ, ಕಿವಿ ಮಂದವಾದ ಅಜ್ಜಿಯಂತೆ,
ತುಸು ತಡೆದು "ಆಂ?" ಅನ್ನುತ್ತದೆ.
ಸಂಜೆ ಬೆಳಕಲ್ಲಿ ಮಗಳು ಝೈನಬುವಿನ ಪಟ ತೆಗೆದೆ:
ಕಣ್ಣಿಲ್ಲ, ಮೂಗಿಲ್ಲ, ಬರೀ ಮೆಕ್ಕೆಜೋಳದ ಗಂಜಿ.
ಹಾಡು ಹಾಕಿದರೆ ತಗಡಿನೊಳಗೊಂದು ನೊಣ ಸಿಕ್ಕಿಕೊಂಡಿತು.
ಇಷ್ಟು ಹೇಳಿ ಕಳಿಸಬಹುದಿತ್ತು.
"ಬ್ಯಾಟರಿ?" ಅಂದ.
"ಒಂದು ರಾತ್ರಿ ಬಿಟ್ಟು ಹೋಗು," ಅಂದೆ.

ಗಂಡಸರು ದೀಪ ಹೊತ್ತು ಉಸಿಪಾ ಮೀನಿಗೆ ಹೋದರು.
ನಾನು ಟಾರ್ಚು ಹೊತ್ತಿಸಿ ಫೋನನ್ನು ಮಡಕೆಯೊಳಗಿಟ್ಟೆ.
ಸುಳ್ಳೇಕೆ,
ಬೆಳಗಾಗುವಷ್ಟರಲ್ಲಿ ಸಾಯಲಿ ಅಂತಲೇ ಇಟ್ಟೆ.

ನಡುರಾತ್ರಿ ಮ್ವೆರಾ ಎದ್ದಿತು,
ತೆಂಕಣದ ಗಾಳಿ, ತಗಡಿನ ಮೇಲಿನ ಕಲ್ಲನ್ನೇ ಉರುಳಿಸುವಂಥದು.
ಮಡಕೆಯೊಳಗೆ ಫೋನು ಬಡಿದುಕೊಂಡಿತು.
"ಎಲ್ಲಿದ್ದೀಯ?" ಅವನ ಹೆಂಡತಿ, ಎಸಿಮೆ.
"ನಾನು, ಅಬೀಟಿ," ಅಂದೆ.
ಆ ಕಡೆ ಉಸಿರು, ಗಾಳಿ, ಮಗುವಿನ ಅಳು.
"ಅವನ ಫೋನು ನಿನ್ನ ಮನೆಯಲ್ಲೇಕೆ?"
ಪರೀಕ್ಷೆಗೆ ಅಂದರೆ ಯಾರು ನಂಬುತ್ತಾರೆ,
ಅಂಥ ಹೊತ್ತಿನಲ್ಲಿ?

ಪುಸ್ತಕ ತೆಗೆದು ಹನ್ನೊಂದು ನಂಬರಿಗೂ ಒತ್ತಿದೆ.
ಮಧ್ಯಾಹ್ನ ನಾನೇ ತುಂಬಿಸಿ ಕಳಿಸಿದ ಹೊಟ್ಟೆಗಳು.
ಒಂದಾದ ಮೇಲೊಂದು ಸ್ವಿಚ್ಚಾಫ್, ಸ್ವಿಚ್ಚಾಫ್,
ಒಂದು ಮಾತ್ರ ಎರಡು ಸಲ ಬಾರಿಸಿ ಸುಮ್ಮನಾಯಿತು.
ಎಸಿಮೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು.
ಬೈಯಲು ಬಂದವಳು ಬೈಯಲಿಲ್ಲ.
ಇಬ್ಬರೂ ದಡಕ್ಕೆ ಹೋದೆವು,
ಆ ಸೋಪಿನ ಬಿಲ್ಲೆಯನ್ನು ಎತ್ತಿ ಹಿಡಿದೆವು.
ಅಷ್ಟು ದೂರಕ್ಕೆ ಅದು ಕಾಣದು, ಗೊತ್ತಿತ್ತು.
ಅವಳ ಕೈ ಸೋತಾಗ ನಾನು, ನನ್ನದು ಸೋತಾಗ ಅವಳು.
ನನ್ನ ಸರದಿಯಲ್ಲಿ ಬೇಡಿಕೊಂಡೆ:
ಸಾಯಬೇಡ ಮಾರಾಯ, ಈಗ ಸಾಯಬೇಡ.

ಬೆಳಕು ಹರಿಯುವಾಗ ಒಂದೊಂದೇ ದೋಣಿ ಬಂದವು,
ಬಲೆಯಿಲ್ಲದವು, ಹುಟ್ಟು ಮುರಿದವು, ಎಲ್ಲವೂ ಬಂದವು.
ಜಫಾಲಿ ಸೊಂಟದವರೆಗೆ ನೀರಲ್ಲಿ ನಿಂತೇ ಕೇಳಿದ,
"ಎಷ್ಟು ಉಳಿದಿದೆ?"
"ಇಪ್ಪತ್ತೊಂದು."
ಎಸಿಮೆ ಅವನ ಕೆನ್ನೆಗೊಂದು ಕೊಟ್ಟಳು,
ಆಮೇಲೆ ಅತ್ತಳು.

ಪಟಕ್ಕೆ ಬೇಡ, ಹಾಡಿಗೆ ಬೇಡ.
ಮೋಸಹೋಗಿಲ್ಲ ನೀನು, ಅಂದೆ.
ಇನ್ನು ಯಾರ ಮನೆಯಲ್ಲೂ ಬಿಟ್ಟು ಹೋಗಬೇಡ, ನನ್ನಲ್ಲೂ.
ಹಲಗೆಯ ಮೇಲೆ ಮುನ್ನೂರು ಇಟ್ಟ.
ತುಂಬಿಸಿಲ್ಲವಲ್ಲ, ಅಂದೆ. ಇರಲಿ, ಅಂದ.
ತೆಗೆದುಕೊಂಡೆ.

ಏಳನೆಯ ಪಿನ್ನಿಗೆ ಈಗ ಬೀಗದ ಕೈ ನೇತುಹಾಕಿದ್ದೇನೆ.
ನಿನ್ನೆ ಐದನೆಯವನು ಬಂದಿದ್ದ,
ಮಂಗೋಚಿಯಲ್ಲಿ ಯಾವ ಅಂಗಡಿ ಎಂದು ಕೇಳಲು.
ಹೇಳಿದೆ.