ಬಾಡಿಗೆಯ ಪಟ

ಸಾಲಿಗ್ರಾಮದ ಮೂರನೇ ಸಂದಿಯಲ್ಲಿ ನನ್ನ ಗೋದಾಮು.
ಸಿಂಹಾಸನಕ್ಕೆ ದಿನಕ್ಕೆ ಎಂಟುನೂರು,
ಗಾಲಿಕುರ್ಚಿಗೆ ಇನ್ನೂರು,
ಕೋರ್ಟಿನ ಕಟಕಟೆ ಬಿಡಿಬಿಡಿಯಾಗಿ ಸಿಗುತ್ತದೆ.
ನ್ಯಾಯದೇವತೆಯ ತಕ್ಕಡಿಗೆ ಒಂದು ತಟ್ಟೆ ಇಲ್ಲ,
ಕ್ಯಾಮೆರಾಕ್ಕೆ ತಿಳಿಯದಂತೆ ತಿರುಗಿಸಿ ಇಟ್ಟುಕೊಳ್ಳಬೇಕು.

ವೇದವತಿಗೆ ಎಪ್ಪತ್ತೈದು.
ಗಂಧದ ಹಾರ ಸೇರಿದರೆ ತೊಂಬತ್ತು.

ಪಟ ತೆಗೆದದ್ದು ವಡಪಳನಿಯಲ್ಲಿ, ಉರಿಬಿಸಿಲ ಮಧ್ಯಾಹ್ನ.
ಆಗ ಅವಳಿಗೆ ಮೂವತ್ತೊಂಬತ್ತು.
ನಾಯಕನ ತಾಯಿಯ ಪಾತ್ರ,
ಟೈಟಲ್ ಬೀಳುವ ಮೊದಲೇ ಸತ್ತವಳು.
"ಮಾತು ಎಷ್ಟು ಪುಟ?" ಕೇಳಿದಳಂತೆ.
"ಮಾತಿಲ್ಲಮ್ಮ. ನೀವು ಗೋಡೆಯ ಮೇಲೆ."
ಒಂದು ಗಳಿಗೆ ಸುಮ್ಮನಿದ್ದು
"ಹಾಗಾದರೆ ಎಡಗಡೆಯಿಂದ ತೆಗಿಯಪ್ಪ,
ಬಲಗೆನ್ನೆ ಈಚೆಗೆ ಹೇಳಿದ ಮಾತು ಕೇಳುತ್ತಿಲ್ಲ."

ಶಂಕರನ್‌ಕೋವಿಲಿನ ಪೇಚ್ಚಿ ಅವಳು.
ತೆಂಕಣ ತಮಿಳು ತಿದ್ದಲು ಮೇಷ್ಟರನ್ನಿಟ್ಟರು.
ತಿದ್ದಿಕೊಂಡಳು, ವರ್ಷ ಹಿಡಿಯಿತು.
ಆಮೇಲೆ ಹಳ್ಳಿಯ ಕಥೆಗಳು ಓಡತೊಡಗಿದಾಗ
ನಿಮ್ಮ ನಾಲಿಗೆ ಪಟ್ಟಣದ್ದಾಯಿತಲ್ಲ ಎಂದು
ಬೇರೊಬ್ಬಳನ್ನು ಕರೆತಂದರು.
ನಾಲ್ಕು ಚಿತ್ರಕ್ಕೆ ನಾಯಕಿ.
ಮಧುರೆಯಲ್ಲಿ ನಲವತ್ತಡಿ ಕಟೌಟು, ಬೆರಳಸಂದಿಯಲ್ಲಿ ಕಾಗೆ ಗೂಡು.
ಚಿತ್ರ ಎತ್ತಿದ ಮೇಲೂ, ಮರಿ ಹಾರುವ ತನಕ
ಕಟೌಟು ಇಳಿಸಲಿಲ್ಲವಂತೆ. ಇದು ಅವಳೇ ಹೇಳಿದ್ದು,
ನಿಜವೋ ಸುಳ್ಳೋ.

ಪಟಕ್ಕೆ ಮಾತ್ರ ಬಿಡುವೇ ಇರಲಿಲ್ಲ.
ಹತ್ತೊಂಬತ್ತು ಸಿನಿಮಾ, ಮೂರು ವರ್ಷ ಒಂದು ಸೀರಿಯಲ್ಲು.
ಅವಳ ಮುಂದೆ ಆಣೆಯಿಟ್ಟವರೆಷ್ಟು, ಕುಡಿದು ಅತ್ತವರೆಷ್ಟು!
ಆಸ್ತಿಪತ್ರ ಅವಳ ಬೆನ್ನಹಿಂದೆ ಬಚ್ಚಿಟ್ಟರು.
ಒಬ್ಬ ಖಳ ಗುಂಡು ಹಾರಿಸಿದ (ಗಾಜಿನ ದುಡ್ಡು ಕೊಡಲಿಲ್ಲ).

ವಿರುಗಂಬಾಕ್ಕದಿಂದ ಶೇರ್ ಆಟೋದಲ್ಲಿ ಬರುತ್ತಿದ್ದಳು,
ಬಾಗಿಲಲ್ಲೇ ನಿಂತು
"ಧನುಷ್ಕೋಡಿ ಅಣ್ಣೇ, ನಾನು ಇದ್ದೀನಾ?"
"ಇಲ್ಲಮ್ಮ, ಕಾರೈಕುಡಿಗೆ ಹೋಗಿದ್ದೀರಿ."
"ಏನು ಕೆಲಸ?"
"ಮಗಳ ಮದುವೆ. ಆಶೀರ್ವಾದ."
"ಹೂ ಬಿತ್ತಾ?"
"ದಾರ ಕಟ್ಟಿ ಎಳೆದರು. ಬಿತ್ತು."
ನಗುತ್ತಿದ್ದಳು, ಬಲಗೆನ್ನೆಗೆ ಸೆರಗು ಹಿಡಿದು.
ಬಾಡಿಗೆಯಲ್ಲಿ ಪಾಲು ಕೇಳಲಿಲ್ಲ.
ನಾನೂ ಕೊಡಲಿಲ್ಲ. ಚಹಾ ತರಿಸುತ್ತಿದ್ದೆ.

ಐಪ್ಪಸಿ ತಿಂಗಳು, ಮಂಗಳವಾರ.
ತಂಗಿಯ ಮಗ ಬಂದ, ಪೇಪರಿಗೆ ಫೋಟೋ ಬೇಕೆಂದ.
ಪಟ ಪೊಳ್ಳಾಚಿಯಲ್ಲಿ.
ಫೋನು ಮಾಡಿದೆ. "ಅಣ್ಣೇ, ಇನ್ನೂ ಮೂರು ದಿನದ ಶೂಟಿಂಗ್,
ಗೋಡೆ ಬರಿದಾದರೆ ಸೀನು ಹೊಂದುವುದಿಲ್ಲ."
ಕೊನೆಗೆ ವೋಟಿನ ಕಾರ್ಡಿನ ಮುಖವನ್ನೇ ಹಿಗ್ಗಿಸಿದರು.
ಎರಡು ಕೆನ್ನೆಯೂ ಬಂದಿತ್ತು.

ಶನಿವಾರ ಪಟ ತಿರುಗಿ ಬಂತು. ಮೂಲೆಯಲ್ಲಿ ಸೀಳು, ದಂಡ ಬರೆದುಕೊಂಡೆ.
ಹಾರ ತೆಗೆದು ಒದ್ದೆ ಕಾಗದದಲ್ಲಿ ಒರೆಸಿದೆ.
ಹಾರ ಇದ್ದಷ್ಟು ಜಾಗ ಬಿಟ್ಟು
ಉಳಿದದ್ದೆಲ್ಲ ಬಿಸಿಲಿಗೆ ಬೆಳ್ಳಗಾಗಿತ್ತು.

ಸಂಜೆಗೆ ಯಾರೋ ಫೋನು: "ಒಂದು ತಾಯಿ ಬೇಕು,
ಬೆಳಗ್ಗೆ ಆರಕ್ಕೆ ವ್ಯಾನು."
"ಯಾವ ತರಹದವರು?"
"ಯಾರಾದರೂ ಸರಿ. ಹಾರ ನಮ್ಮ ಹತ್ತಿರ ಇದೆ."

ಎಪ್ಪತ್ತೈದು ಅಂದೆ.
ಕೇಳದಿದ್ದರೂ ಇನ್ನೊಂದು ಮಾತು ಹೇಳಿದೆ,
ಬೆಳಕು ಎಡದಿಂದ ಬಿಡಿ.