ಮೂರನೆಯ ಕಂಬ

ಮೂವತ್ತೊಂದು ವರ್ಷ ಗಾರೆ ಮೆತ್ತಿದ ಕೈ ಇದು,
ಈಗ ಬೆಕ್ಕಿನ ಮೀಸೆಯಷ್ಟು ಕುಂಚ ಹಿಡಿದು ನಡುಗುತ್ತದೆ.
ಸುಣ್ಣವಾದರೆ ಸಂಜೆಗೆ ಒಣಗುತ್ತಿತ್ತು;
ಅಗಸೆಯೆಣ್ಣೆ ವಾರವಾದರೂ ಹಸಿ,
ಬಾಗಿಲ ಹಿಡಿಯಲ್ಲೂ, ಹೆಂಡತಿಯ ಸ್ವೆಟರಿನಲ್ಲೂ.

‘ಇಗರ್ಜಿಯ ಗೋಡೆ ಬಿಳಿ ಅಂದವರಾರು, ಸೀಬ್ರಾಂಡ್?
ನೋಡು,’ ಎಂದಳು ಮಖ್ಟೆಲ್ಡ್ ಮೇಡಂ. ನೋಡಿದೆ:
ಬೂದಿ, ಮಜ್ಜಿಗೆ, ಬೆಳ್ಳುಳ್ಳಿ ಸಿಪ್ಪೆಯ ನಸುಗೆಂಪು.
ಬಿಳಿ ಎಂಬುದು ಇದ್ದದ್ದು
ಸಮಾಧಿ ತೋಡುವವನ ಕಾಲರಿನಲ್ಲಿ ಮಾತ್ರ,
ಅದೂ ಸಾಸಿವೆಯಷ್ಟು.

ಮೊಳೆ ಹೊಡೆದು ದಾರ ಕಟ್ಟಿ ಗೆರೆ ಎಳೆದೆ.
ಎಲ್ಲ ಕಂಬಗಳೂ ಆ ಮೊಳೆಗೆ ವಿಧೇಯ,
ಎಡದಿಂದ ಮೂರನೆಯದೊಂದನ್ನು ಬಿಟ್ಟು.
ಅದರ ಬುಡ ನೆಲಕ್ಕೆ ಕೂಡುವುದೇ ಇಲ್ಲ,
ಮುನ್ನೂರೈವತ್ತು ವರ್ಷದಿಂದ ತೇಲುತ್ತ ನಿಂತಿದೆ.
ಯಾರೂ ಕೇಳದ ಹಾಗೆ
ಹಳೆಯ ಮೇಸ್ತ್ರಿ ಅಲ್ಲೊಂದು ನಾಯಿ ನಿಲ್ಲಿಸಿದ್ದಾನೆ,
ಒಂದು ಕಾಲೆತ್ತಿದ ನಾಯಿ.

ನಕ್ಕುಬಿಟ್ಟೆ. ಮ್ಯೂಸಿಯಮ್ಮಿನ ಕಾವಲುಗಾರ ತಿರುಗಿ ನೋಡಿದ.
ಹಾರ್ಲೆಮಿನ ಹೊಳೆದಂಡೆಯ ಮನೆಯೊಂದರಲ್ಲಿ
ನಾನು ಕಟ್ಟಿದ ಸೊಟ್ಟ ಮೂಲೆಯಿದೆ,
ಅದರೆದುರು ನಾನೇ ಇಳಿಬಿಟ್ಟ ಮಳೆನೀರ ಕೊಳವೆ.
ಮನೆಯವರಿಗೆ ಇಂದಿಗೂ ಗೊತ್ತಿಲ್ಲ.

ಕಂಬವನ್ನು ಮೇಸ್ತ್ರಿ ಬಿಟ್ಟಂತೆಯೇ ಬಿಟ್ಟೆ.
ನಾಯಿಗೆ ಮಾತ್ರ ಮೂರು ದಿನ ಹಿಡಿಯಿತು.