ಆಕ್ಷೇಪಣೆಗೆ ಮೂವತ್ತು ದಿನ

ಮಡಿಕೇರಿಯನ್ನು ನಾನು ಮೊದಲು ಕಂಡದ್ದು ಬಣ್ಣಗಳಲ್ಲಿ.
ಮನೆಗೆ ಹಳದಿ, ಅಂಗಡಿಗೆ ಕೆಂಪು,
ತೋಟ, ಕಾಡು, ಬಾಣೆ, ಎಲ್ಲಕ್ಕೂ ಒಂದೇ ಹಸಿರು.
ಯೋಜನಾ ಕಚೇರಿಯಲ್ಲಿ ಮೂರನೆಯ ಮೇಜು;
ಅದರ ಕುಂಟು ಕಾಲಿಗೆ ಮಡಚಿಟ್ಟದ್ದು ಹಳೆಯ ನಕ್ಷೆ,
ಮೇಲೆ ಹರಡಿದ್ದು ಇನ್ನಿಪ್ಪತ್ತು ವರ್ಷದ ಊರು.

ನಕ್ಷೆಯಲ್ಲಿ ಏರು ಇರುವುದಿಲ್ಲ, ಅದೊಂದು ಸುಖ.
ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಆರೇ ಸೆಂಟಿಮೀಟರ್.
ತುಂಬು ಬಸುರಿಗೆ ಅದು ನೂರಾ ಹನ್ನೆರಡು ಮೆಟ್ಟಿಲು,
ಹದಿನೇಳು ಮುರಿದವು.
ಎಣಿಸಿದ್ದು ನಾನಲ್ಲ,
ನೀರು ಬಿಡುವ ಮೊಯ್ದು.

ಮೂವತ್ತೊಂದು ವರ್ಷ
ತೋಳುದ್ದದ ಕಬ್ಬಿಣದ ಚಾವಿ ಹೆಗಲಿಗಿಟ್ಟು
ಕತ್ತಲಲ್ಲೇ ಬೀದಿ ಬೀದಿಯ ವಾಲ್ವ್ ತಿರುವಿದವನು.
"ಕಾಗದ ಅಲ್ಲೇ ಬಿಟ್ಟು ಬನ್ನಿ ಮೇಡಂ" ಅಂದ.
ಸಂತೆಮಾಳದ ಕಾಂಕ್ರೀಟಿಗೆ ಚಾವಿ ಊರಿ
ಮೇಲಿನ ತುದಿಗೆ ನನ್ನ ಕಿವಿ ಇಡಿಸಿದ.

ಕೆಳಗೆ ಯಾರೋ ಮಾತಾಡುತ್ತಿದ್ದರು,
ನಿಲ್ಲಿಸದೆ, ಯಾರ ಉತ್ತರಕ್ಕೂ ಕಾಯದೆ.

"ತೋಡು. ನಾನು ಚಿಕ್ಕವನಿದ್ದಾಗ ಮುಚ್ಚಿದರು.
ಮುಚ್ಚಿದ್ದು ಅದಕ್ಕಿನ್ನೂ ಗೊತ್ತಿಲ್ಲ."

ಆ ವಾರವಿಡೀ ಊರಿಗೆ ಕಿವಿಯಿಟ್ಟು ಅಲೆದೆವು.
ದರ್ಜಿ ಅಂಗಡಿಯ ಹೊಲಿಗೆ ಯಂತ್ರದ ಅಡಿಗೆ,
ಶಾಲೆಯ ಪಾಗಾರದ ಅಡಿಗೆ,
ನಾಳೆ ಸಭೆ ಕೂರುವ ಹಾಲಿನ ಅಡಿಗೂ
ಅದೇ ಮಾತು, ಅದೇ ಅವಸರ.

ಕೊನೆಗೆ ಪೈಸಾರಿಯ ಇಳಿಜಾರು.
ಬರೆ ಜಾರಿದ ವರ್ಷ ಇಲ್ಲಿದ್ದ ಮನೆಗಳು
ಒಂದೇ ರಾತ್ರಿಗೆ ಕೆಳಗಿನ ಗದ್ದೆಗಿಳಿದವು.
ನಲ್ಲಿ ಮಾತ್ರ ಹಾಗೇ ನಿಂತಿದೆ,
ಗೋಡೆಯಿಲ್ಲದ ಅಡುಗೆಮನೆಯಲ್ಲಿ, ತೊಟ್ಟಿಕ್ಕುತ್ತ.
"ಪಟ್ಟಿಯಿಂದ ಮನೆ ತೆಗೆದಿದ್ದಾರೆ,
ವಾಲ್ವ್ ತೆಗೆಯಿರಿ ಅಂತ ಯಾರೂ ಹೇಳಿಲ್ಲ" ಅಂದ ಮೊಯ್ದು.
ಪಕ್ಕದಲ್ಲಿ ಮತ್ತೆ ತಗಡು ಏಳುತ್ತಿತ್ತು.
ಊರಿನ ಕಸ ಎತ್ತುವವರು, ಲಾಡ್ಜಿನ ಹಾಸಿಗೆ ಒಗೆಯುವವರು.
ಇಲ್ಲಿರಬಾರದು, ಅದು ನನಗೆ ಗೊತ್ತು.
ಸಮತಟ್ಟು ನೆಲ ಸೆಂಟಿಗೆಷ್ಟು, ಅದು ಅವರಿಗೆ ಗೊತ್ತು.

ಸಭೆಯಲ್ಲಿ ಒಬ್ಬರು ಬೆರಳಿಟ್ಟರು:
"ಈ ಗುಡ್ಡದ ಮಗ್ಗುಲಿಗೆ ಚೂರು ಹಳದಿ ಬರಲಮ್ಮ.
ಕಿಟಕಿ ತೆರೆದರೆ ಮಂಜು. ಹೋಂಸ್ಟೇಗೆ ಹೇಳಿ ಮಾಡಿಸಿದ ಜಾಗ."
ನಾನು ಗುತ್ತಿಗೆಯವಳು, ಆರು ತಿಂಗಳಿಗೊಮ್ಮೆ ಸಹಿ.
ಬಳಿದೆ.
ತೆಳ್ಳಗೆ ಬಳಿದೆ ಎಂದು ಈಗ ಹೇಳಿ ಏನು ಪ್ರಯೋಜನ.

ಆದರೆ ಆ ರಾತ್ರಿ ಅಳಿಸಲಾಗದ ಬಾಲ್‌ಪೆನ್ನಿನಲ್ಲಿ
ತೋಡನ್ನು ಎಳೆದೆ: ಗುಡ್ಡದ ನೆತ್ತಿಯಿಂದ
ಹಳದಿಯನ್ನೂ ಕೆಂಪನ್ನೂ ಸೀಳಿಕೊಂಡು,
ಸಭೆಯ ಹಾಲಿನ ನಟ್ಟನಡುವೆ, ಗದ್ದೆಯವರೆಗೆ.
"ಇದೇನು?"
"ನೀರು ಸರ್."
"ಎಲ್ಲಿದೆ?"
ಚಾವಿ ಬಾಗಿಲಾಚೆ ಗೋಡೆಗೊರಗಿತ್ತು.
ಒಳಗೆ ಬರಲು ಮೊಯ್ದುವಿಗೆ ಪಾಸಿರಲಿಲ್ಲ.
ಸಭೆ ಟೀ ಕುಡಿಯಿತು.
ಗೆರೆ ಉಳಿಯಿತು, ಬಹುಶಃ ಯಾರಿಗೂ
ಇನ್ನೊಮ್ಮೆ ಪ್ರಿಂಟು ತೆಗೆಸುವ ಮನಸ್ಸಿಲ್ಲದೆ.

ನಕ್ಷೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಆಕ್ಷೇಪಣೆಗೆ ಮೂವತ್ತು ದಿನ.
ಬಂದದ್ದು ಏಳು.
ಆರರಲ್ಲಿ, ರಸ್ತೆ ಅಗಲವಾಗಲಿ,
ನಮ್ಮ ಕಾಂಪೌಂಡು ಬಿಟ್ಟು.
ಏಳನೆಯದು ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ,
ಕಣಿಲೆ ಮಾರುವ ಮಾಚಿ ಹೇಳಿದ್ದು, ಮೊಮ್ಮಗಳು ಬರೆದದ್ದು:

"ನಾನು ಕೂರುವ ಜಾಗದ ಮೇಲೆ ನೀಲಿ ಗೆರೆ ಬಂದಿದೆ.
ನೀರು ಬರುವುದು ನಿಜವಾದರೆ ಎದ್ದು ಆಚೆ ಕೂರುತ್ತೇನೆ.
ನೆರಳಿಗೆ ಒಂದು ಮರ ಇರಲಿ.
ಹೆಂಗಸರಿಗೆ ಕಕ್ಕಸು ಬೇಕು, ಬೀಗ ಹಾಕಬಾರದು.
ಬೆಳಿಗ್ಗೆಯಿಂದ ನಾವು ನೀರು ಕುಡಿಯುವುದಿಲ್ಲ."

ಬೆಳಿಗ್ಗೆಯಿಂದ ನಾವು ನೀರು ಕುಡಿಯುವುದಿಲ್ಲ.
ಮುನ್ನೂರು ಪುಟದ ವರದಿಯಲ್ಲಿ
ಆರೋಗ್ಯ ಎಂಬ ಅಧ್ಯಾಯ ನನ್ನದೇ.

ಇವತ್ತು ಇಪ್ಪತ್ತೊಂಬತ್ತನೆಯ ದಿನ.
ನಕ್ಷೆಯಲ್ಲಿ ಮರವೆಂದರೆ ಒಂದು ಮಿಲಿಮೀಟರಿನ ಸೊನ್ನೆ.
ಹಾಕಿದೆ. ಕಕ್ಕಸಿಗೊಂದು ಚೌಕ ಹಾಕಿದೆ.

ಬೆಳಗಿನ ಐದಕ್ಕೆ ಮೊಯ್ದು
ಮನೆಯಿಲ್ಲದ ನಲ್ಲಿಗೆ ನೀರು ಬಿಟ್ಟ.
ಮಂಜಿನಿಂದ ಕೊಡಗಳು ಒಂದೊಂದಾಗಿ ಬಂದವು.
ಹನ್ನೊಂದು ಮನೆ, ಎಣಿಸಿದೆ.
ಬಣ್ಣದ ಪೆಟ್ಟಿಗೆ ತೆರೆದೇ ಇದೆ;
ಅವರನ್ನು ಎಲ್ಲಿಡಬೇಕೋ
ಆ ಬಣ್ಣ ಇನ್ನೂ ಸಿಕ್ಕಿಲ್ಲ.